ಹನ್ನೊಂದು ನಲವತ್ತರ ಅಪ್‌ಗ್ರೇಡ್

ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷ. ನನ್ನ ಬದುಕಿನ ಬೇರೆ ಯಾವ ಘಟನೆಗೂ ಇಷ್ಟು ಖಚಿತವಾದ ಸಮಯ ನನ್ನ ಬಳಿ ಇಲ್ಲ. ನಾನು ಹುಟ್ಟಿದ್ದು ಯಾವಾಗ ಎಂದು ಕೇಳಿದರೂ ಅವ್ವ ‘ಹಾಲಿನವ ಬಂದು ಹೋದ ಮ್ಯಾಲ’ ಎಂದಷ್ಟೇ ಹೇಳುತ್ತಾಳೆ. ಆದರೆ ಕಂಪ್ಯೂಟರಿನಲ್ಲಿ ‘ಅಪ್‌ಗ್ರೇಡ್’ ಎಂಬ ಗುಂಡಿ ಒತ್ತಿದ ಗಳಿಗೆ ಮಾತ್ರ, ಪರದೆಯ ಮೂಲೆಯ ಗಡಿಯಾರದ ಸಮೇತ, ಕಣ್ಣು ಮುಚ್ಚಿದರೆ ಇವತ್ತಿಗೂ ಕಾಣುತ್ತದೆ.

ನಾನು ಹೊಸಪೇಟೆಯಲ್ಲಿ ಕಟ್ಟಡಗಳ ನಕ್ಷೆ ಮಾಡುವವಳು. ಈಗಿನ ನಕ್ಷೆ ಕಾಗದದ ಮೇಲಿರುವುದಿಲ್ಲ. ಇಡೀ ಕಟ್ಟಡವನ್ನು ಕಂಪ್ಯೂಟರಿನೊಳಗೆ ಕಟ್ಟಿ, ಕ್ಲೌಡ್ ಎಂಬ ಅಂತರಿಕ್ಷದಲ್ಲಿ ಇಟ್ಟಿರುತ್ತೇವೆ. ನಾನು ಹೊಸಪೇಟೆಯಿಂದ ಗೋಡೆ ಎಬ್ಬಿಸಿದರೆ, ಎಂಜಿನಿಯರ್ ಮಂಜಣ್ಣ ಕಂಪ್ಲಿಯಿಂದ ಅದೇ ಕಟ್ಟಡಕ್ಕೆ ಕಂಬ ನಿಲ್ಲಿಸುತ್ತಾನೆ. ಅವರವರ ಕೆಲಸವನ್ನು ಅವರವರೇ ಆಗಾಗ ಮೇಲಕ್ಕೆ ಕಳಿಸಬೇಕು. ವರ್ಷಕ್ಕೊಮ್ಮೆ ಸಾಫ್ಟ್‌ವೇರಿನ ಹೊಸ ವರ್ಷನ್ ಬಂದಾಗ ಇಡೀ ಕಟ್ಟಡವನ್ನು ಅದಕ್ಕೆ ಏರಿಸಬೇಕಾಗುತ್ತದೆ. ಕೂಡುಕುಟುಂಬವೊಂದು ಒಂದೇ ದಿನ ಮನೆ ಬದಲಿಸಿ ಹಳೆಯ ಮನೆಗೆ ಬೀಗ ಹಾಕಿದ ಹಾಗೆ. ಬೀಗ ಹಾಕುವಾಗ ಯಾರಾದರೂ ಒಳಗೆ ಸ್ನಾನಕ್ಕೆ ಹೋಗಿದ್ದರೆ ಅವರ ಗತಿ ಅಲ್ಲೇ. ಬೀಗ ಹಾಕುವ ಗೌರವ ಈ ಸಲ ನನ್ನದಾಗಿತ್ತು. ಕಟ್ಟಡ, ಸಂಡೂರು ತಾಲೂಕಿನ ಬಂಡ್ರಿಯಲ್ಲಿ ಏಳಬೇಕಿದ್ದ ಹೆಣ್ಣುಮಕ್ಕಳ ಹಾಸ್ಟೆಲ್.

‘ಶುಕ್ರವಾರ ಊಟದ ಹೊತ್ತಿಗೆ ಅಪ್‌ಗ್ರೇಡ್. ಅಷ್ಟರೊಳಗೆ ನಿಮ್ಮ ನಿಮ್ಮ ಕೆಲಸ ಕಳಿಸಿ’ ಎಂದು ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಮಂಜಣ್ಣ ಹೆಬ್ಬೆರಳು ಎತ್ತಿದ್ದ. ಹೆಬ್ಬೆರಳಿಗೆ ‘ಕಳಿಸಿದ್ದೇನೆ’ ಎಂದು ಅರ್ಥ ಮಾಡಿಕೊಂಡದ್ದು ನಾನು. ‘ನೋಡಿದ್ದೇನೆ’ ಎಂಬುದಷ್ಟೇ ಅವನ ಅಭಿಪ್ರಾಯ. ಹತ್ತೂವರೆಯಿಂದ ಕ್ಲೌಡಿನಲ್ಲಿ ಎಲೆ ಅಲುಗುತ್ತಿರಲಿಲ್ಲ. ಎಲ್ಲರದೂ ಮುಗಿದಿದೆ, ಊಟಕ್ಕೆ ಮೊದಲೇ ಮುಗಿಸಿಬಿಡೋಣ ಎಂದು ಹನ್ನೊಂದು ನಲವತ್ತಕ್ಕೆ ಒತ್ತಿದೆ. ಒಂದೂವರೆಗೆ ಅಪ್‌ಗ್ರೇಡ್ ಯಶಸ್ವಿ ಎಂದು ಪರದೆ ಹೇಳಿತು. ಆ ಖುಷಿಯಲ್ಲಿ ಮಿರ್ಚಿ ಭಜಿ ತರಿಸಿ ತಿಂದು, ಪಾಯದ ನಕ್ಷೆಗಳನ್ನು ಹೊಸ ವರ್ಷನ್ನಿನಲ್ಲೇ ಪ್ರಿಂಟ್ ತೆಗೆದು, ಸಂಜೆಯ ಬಸ್ಸಿನಲ್ಲಿ ಬಂಡ್ರಿಯ ಮೇಸ್ತ್ರಿ ಹುಲುಗಪ್ಪನಿಗೆ ಕಳಿಸಿದೆ. ಸೋಮವಾರ ಕಾಂಕ್ರೀಟ್ ಹಾಕುವುದೆಂದು ನಿಗದಿಯಾಗಿತ್ತು.

ಸೋಮವಾರ ಬೆಳಿಗ್ಗೆ ಏಳೂಕಾಲಕ್ಕೆ ಮಂಜಣ್ಣನ ಫೋನ್ ಬಂತು.

“ಮೇಡಂ, ಶುಕ್ರವಾರದಿಂದ ನಂದು ಮ್ಯಾಲ ಹೋಗವಲ್ದು ನೋಡ್ರಿ. ನಮ್ಮೂರ ನೆಟ್ ಹಣೇಬರಹ ಅಂತ ಸುಮ್ಕಿದ್ದೆ. ಎರಡು ವಾರದ ಕೆಲಸ ಐತಿ. ಟ್ಯಾಂಕಿನ ಕೆಳಗಿನ ನಾಲ್ಕೂ ಕಂಬ ದಪ್ಪ ಮಾಡೀನಿ. ಟ್ಯಾಂಕ್ ದೊಡ್ಡದು ಬೇಕು ಅಂದಿದ್ರಲ್ರಿ.”

ನನ್ನ ಕೈಯಲ್ಲಿದ್ದ ಚಹಾ ತಣ್ಣಗಾಗಲು ಸಮಯ ಹಿಡಿಯಲಿಲ್ಲ. ಶುಕ್ರವಾರ ಎಷ್ಟು ಹೊತ್ತಿಗೆ ಕಳಿಸಿದಿರಿ ಎಂದು ಕೇಳಿದೆ.

“ಹನ್ನೆರಡು ಹೊಡದ ಮ್ಯಾಲ್ರಿ. ಅದಕ್ಕ ಮೊದ್ಲ, ಹತ್ತೂವರಿಯಿಂದ, ರಾಹುಕಾಲ ಇತ್ತಲ್ರಿ.”

ಓದುಗರು ನಂಬಬೇಕು, ಶುಕ್ರವಾರದ ರಾಹುಕಾಲ ಎಷ್ಟು ಹೊತ್ತಿಗೆ ಎಂಬುದು ನನಗೆ ಗೊತ್ತಿರಲಿಲ್ಲ. ನಮ್ಮದು ಬುದ್ಧನ ದಾರಿ ಹಿಡಿದ ಮನೆ. ಟಿ.ಬಿ. ಡ್ಯಾಂ ಕಾಲುವೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಅಪ್ಪ, ನಾನು ಚಿಕ್ಕವಳಿದ್ದಾಗಲೇ ಪಂಚಾಂಗದ ಕ್ಯಾಲೆಂಡರ್ ಇಳಿಸಿ ಬುದ್ಧನ ಚಿತ್ರ ಹಾಕಿದ್ದರು. ಮೊಳೆ ಮಾತ್ರ ಹಳೆಯದೇ. ನಮ್ಮ ಮನೆಯಲ್ಲಿ ತಾರೀಖು ನೋಡುತ್ತಿದ್ದದ್ದು ಕಾಲುವೆಗೆ ನೀರು ಬಿಡುವ ದಿನಕ್ಕಷ್ಟೇ.

ಹುಲುಗಪ್ಪನ ಕೈಗೆ ಹೋಗಿದ್ದ ನಕ್ಷೆಯಲ್ಲಿ ಇದ್ದದ್ದು ಹಳೆಯ ಸಣ್ಣ ಕಂಬಗಳೇ. ಅವನ ಫೋನ್ ಸ್ವಿಚ್ ಆಫ್. ಕೆಲಸದ ಹೊತ್ತಿನಲ್ಲಿ ಫೋನ್ ಕಾಂಕ್ರೀಟಿಗೆ ಬೀಳಬಾರದೆಂದು ಅವನು ಅದನ್ನು ಆರಿಸಿ, ಬುತ್ತಿಯ ಚೀಲದಲ್ಲಿ ಇಡುವವನು. ಸ್ಕೂಟರ್ ಹತ್ತಿದೆ. ಸಂಡೂರಿನ ರಸ್ತೆಯಲ್ಲಿ ಅದಿರಿನ ಲಾರಿಗಳ ಹಿಂದೆ ಕೆಂಪು ಧೂಳು ಕುಡಿಯುತ್ತ ಹೋಗುವಾಗ ನನಗೆ ಕಂಡದ್ದು ಒಂದೇ ಚಿತ್ರ: ಮೇಲೆ ತುಂಬಿದ ಟ್ಯಾಂಕು, ಕೆಳಗೆ ನನ್ನ ಸಣಕಲು ಕಂಬಗಳು, ಅವುಗಳ ನಡುವೆ ಸಾಲಾಗಿ ಕೂತು ತಟ್ಟೆ ತೊಳೆಯುತ್ತಿರುವ ಹುಡುಗಿಯರು. ಅವರು ನಗುತ್ತಿದ್ದರು. ನನಗೆ ಹೆಚ್ಚು ಹೆದರಿಕೆಯಾದದ್ದು ಅದಕ್ಕೇ.

ಬಂಡ್ರಿ ಮುಟ್ಟಿದಾಗ ಒಂಬತ್ತಕ್ಕೆ ಹತ್ತು ನಿಮಿಷವಿತ್ತು. ಗುಂಡಿಗಳಲ್ಲಿ ಕಬ್ಬಿಣದ ಹಂದರಗಳು ಸಣ್ಣ ಅಳತೆಯಲ್ಲೇ ನಿಂತಿದ್ದವು. ಜಲ್ಲಿ, ಮರಳು, ಸಿಮೆಂಟು ಎಲ್ಲ ಸಿದ್ಧ. ಮಿಕ್ಸರ್ ಮಾತ್ರ ಸುಮ್ಮನಿತ್ತು. ಹುಲುಗಪ್ಪ ಕಲ್ಲಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

“ಬರ್ರಿ ಮೇಡಂ, ಕುಂದ್ರಿ. ಇನ್ನ ಹತ್ತು ನಿಮಿಷ ಐತಿ.”

“ಏನಕ್ಕೆ?”

“ರಾಹುಕಾಲ ಮುಗ್ಯಾಕ್ರಿ. ಸೋಮವಾರ ಏಳೂವರಿಯಿಂದ ಒಂಬತ್ತಲ್ರಿ.”

ನಾನು ಸಿಮೆಂಟಿನ ಚೀಲದ ಮೇಲೆ ಕುಸಿದು ಕೂತೆ. ಜಲ್ಲಿ ಹೊರಲು ಬಂದಿದ್ದ ಹೆಂಗಸೊಬ್ಬಳು ನನ್ನ ಮುಖ ನೋಡಿ, “ಮೇಡಂಗ ಜಲ್ದಿ ನೀರ್ ಕೊಡ್ರಲೇ, ಕಂಬಕ್ಕಿಂತ ಮೊದ್ಲ ಅವ್ರ ಬೀಳ್ತಾರ” ಎಂದಳು. ನೀರು ಕುಡಿದು ಎಲ್ಲ ಹೇಳಿದೆ. ಹುಲುಗಪ್ಪ ಸಿಟ್ಟಾಗಲಿಲ್ಲ. ಹಂದರಗಳನ್ನೂ ನನ್ನನ್ನೂ ಒಂದೊಂದು ಸಲ ನೋಡಿ, “ಕಂಪ್ಯೂಟರ್ ಹೊಸಾದು ಮಾಡಿದ್ರ ಕಂಬ ಸಣ್ಣ ಆಗ್ತಾವೇನ್ರಿ?” ಎಂದು ಕೇಳಿದ.

ಸಂಜೆ ಮನೆಯಲ್ಲಿ ಹೇಳಿಕೊಂಡು, ನನ್ನನ್ನು ಪೇಚಿಗೆ ಸಿಕ್ಕಿಸಿದ್ದೂ ಕಾಪಾಡಿದ್ದೂ ಆ ರಾಹುವೇ ಅಲ್ಲವೇ ಎಂದೆ. ಅಪ್ಪ ಕನ್ನಡಕ ಒರೆಸಿಕೊಂಡರು.

“ರಾಹು ಇಲ್ಲವ್ವಾ. ಮಂಜಣ್ಣ ಅದಾನಲ್ಲ? ಗುಂಡಿ ಒತ್ತೋಕಿಂತ ಮೊದ್ಲ ಅವಂಗೊಂದು ಫೋನ್ ಮಾಡಿದ್ರ ಆಗ್ತಿತ್ತು.”

ಮಂಜಣ್ಣ ಮತ್ತೆ ಕೂತು ಕಂಬಗಳನ್ನು ದಪ್ಪ ಮಾಡಿ ಕಳಿಸಿದ. ಹುಲುಗಪ್ಪ ಗುಂಡಿ ಅಗಲಿಸಿ, ಹೊಸ ಹಂದರ ಕಟ್ಟಿಸಿದ. ಹಾಸ್ಟೆಲ್ ಎದ್ದಿತು. ಆದರೂ ತಿಂಗಳುಗಟ್ಟಲೆ ರಾತ್ರಿ ಎಚ್ಚರವಾಗಿ, ಆ ತಟ್ಟೆಗಳ ಸದ್ದು ಕೇಳುತ್ತಿತ್ತು. ಈಗ ನನ್ನ ಮೇಜಿನ ಮೇಲೆ ರಾಹುಕಾಲದ ಚೀಟಿ ಅಂಟಿಸಿಕೊಂಡಿದ್ದೇನೆ. ಅಪ್ಪ ಹುಬ್ಬೇರಿಸಿದಾಗ, ಇದು ರಾಹುವಿನದಲ್ಲ, ಮಂಜಣ್ಣನ ಹಾಜರಿ ಪಟ್ಟಿ ಎಂದು ಹೇಳಿದೆ.

ಟ್ಯಾಂಕಿಗೆ ಮೊದಲ ಸಲ ನೀರು ತುಂಬಿದ್ದು ಒಂದು ಭಾನುವಾರ. ಬೇಕೆಂದೇ ಅದರ ಕೆಳಗೆ ಅರ್ಧ ಗಂಟೆ ನಿಂತು ಬಂದೆ. ಕಂಬಗಳು ನನ್ನ ಕಡೆ ನೋಡಲೂ ಇಲ್ಲ. ಅವತ್ತು ರಾತ್ರಿ ಮಲಗಿದವಳಿಗೆ ಎಚ್ಚರವಾದಾಗ ಸೋಮವಾರ ಎಂಟೂಕಾಲು. ಚೀಟಿಯ ಪ್ರಕಾರ ರಾಹುಕಾಲದ ಅರ್ಧ ನಿದ್ದೆಯಲ್ಲೇ ಕಳೆದಿತ್ತು. ಉಳಿದರ್ಧದಲ್ಲಿ ಯಾವ ಗುಂಡಿಯನ್ನೂ ಒತ್ತದಿರುವುದು ಕ್ಷೇಮವೆಂದು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡೆ.