ಮುದಿ ತೆಂಗೂ ನನ್ನ ಕೋನಮಾಪಕವೂ

ಅಂದಾಜಿನವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈಯೆಲ್ಲ ಉರಿ. ದಾರಿ ಕೇಳಿದರೆ ‘ಇಲ್ಲೇ ಒಂದ್ ಕೂಗಳತೆ ಸಾ’ ಅನ್ನುತ್ತಾರೆ. ಯಾರ ಕೂಗು ಸ್ವಾಮಿ? ನನ್ನ ಹೆಂಡತಿಯದಾದರೆ ನಮ್ಮೂರು ಹೆಡತಲೆಯಿಂದ ಸುತ್ತೂರಿಗೂ ಕೇಳಿಸುತ್ತದೆ. ಟಿ. ನರಸೀಪುರದಲ್ಲಿ ಮೂವತ್ತು ವರ್ಷ ಗಣಿತ ಹೇಳಿ ನಿವೃತ್ತನಾದವನು ನಾನು. ಸಾರಿಗೆ ಉಪ್ಪೆಷ್ಟು ಹಾಕಿದೆ ಅಂದರೆ ‘ಕೈಯಳತೆ’ ಅಂದಳೆಂದು ಹೆಂಡತಿಯ ಮೇಲೂ ರೇಗಿದ್ದುಂಟು. ಆಮೇಲೆ ಒಂದು ವಾರ ಸಾರಿಗೆ ಉಪ್ಪೇ ಬೀಳಲಿಲ್ಲ, ಆ ಮಾತು ಬೇರೆ.

ನಮ್ಮ ಹಿತ್ತಲಿನಲ್ಲಿ ಕಾಯಿ ಬಿಡುವುದನ್ನು ನಿಲ್ಲಿಸಿದ ಮುದಿ ತೆಂಗಿನಮರವೊಂದಿತ್ತು. ಕಡಿಯಲು ದೇವನೂರಿನ ಮಾದಪ್ಪ ಬಂದ. ಒಂದು ಕಡೆ ಕರೆಂಟು ತಂತಿ, ಇನ್ನೊಂದು ಕಡೆ ಪಕ್ಕದವರ ಕೊಟ್ಟಿಗೆ. ಕೆಡವಲು ಉಳಿದದ್ದು ನಮ್ಮ ಬಚ್ಚಲುಮನೆಯ ದಿಕ್ಕೊಂದೇ. ಅದರೊಳಗೆ, ಗೋಡೆಗೆ ಒತ್ತಿಕೊಂಡು, ಹೆಂಡತಿಯ ತವರಿನ ತಾಮ್ರದ ಹಂಡೆ. ‘ಹಂಡೆಗೇನಾದ್ರೂ ಆದ್ರೆ ನೀವುಂಟು, ನಿಮ್ಮ ಮರ ಉಂಟು’ ಎಂದು ಆಕೆ ಮೊದಲೇ ಎಚ್ಚರಿಸಿದ್ದಳು.

ಮಾದಪ್ಪ ಮಾಡಿದ್ದೇನು ಗೊತ್ತೆ? ಬಚ್ಚಲ ಗೋಡೆಯ ಪಕ್ಕ ಮರಕ್ಕೆ ಬೆನ್ನು ಮಾಡಿ ನಿಂತ, ಪಂಚೆ ಎತ್ತಿ ಕಟ್ಟಿದ, ಬಗ್ಗಿ ತನ್ನ ಕಾಲಸಂದಿಯಿಂದ ಮರ ನೋಡಿದ! ‘ಇಂಗ್ ಬಗ್ಗಿದಾಗ ತುದಿ ಕಂಡ್ರೆ ಮರ ಅಷ್ಟ್ ದೂರ ಬರಾಕಿಲ್ಲ. ಇಲ್ಲಿಂದ ತುದಿ ಕಾಣಾಕಿಲ್ಲ ಸಾ. ಮರ ಬಚ್ಚಲಿಗೆ ಬಡೀತದೆ. ಮೇಲಕ್ ಅತ್ತಿ ತುಂಡ್ ತುಂಡಾಗಿ ಇಳಿಸ್ತೀನಿ, ನಾಳೆಗಂಟ ಆಯ್ತದೆ’ ಅಂದ.

ಥೂ! ಆ ಭಂಗಿಗೂ ಗಣಿತಕ್ಕೂ ಏನು ಸಂಬಂಧ? ನಾನು ಒಳಗೆ ಹೋಗಿ ಕೋನಮಾಪಕದ ನೇರ ಅಂಚಿಗೆ ಎಳನೀರಿನ ಸ್ಟ್ರಾ ಅಂಟಿಸಿದೆ, ನಡುವಿನ ತೂತಿನಿಂದ ದಾರ ಇಳಿಬಿಟ್ಟು ಹಳೇ ಸೈಕಲ್ಲಿನ ನಟ್ಟು ಕಟ್ಟಿದೆ. ಸ್ಟ್ರಾದಲ್ಲಿ ಮರದ ತುದಿ ನೋಡುತ್ತ ಹಿಂದೆ ಸರಿಯಬೇಕು. ದಾರ ನಲವತ್ತೈದು ಡಿಗ್ರಿಗೆ ಬಂದ ಕಡೆ ನಿಂತು ಬುಡದವರೆಗೆ ಟೇಪು ಹಿಡಿದರೆ ಅದೇ ಎತ್ತರ. ನಲವತ್ತೆರಡು ಅಡಿ ಬಂತು. ಬಚ್ಚಲುಮನೆ ನಲವತ್ತೈದು ಅಡಿ ದೂರ. ‘ಮೂರಡಿ ಮಿಗುತ್ತೆ ಕಣಯ್ಯಾ. ಇದು ಲೆಕ್ಕ, ನಿನ್ನ ಕಾಲಸಂದಿ ಅಲ್ಲ. ಬುಡಕ್ಕೇ ಹಾಕು’ ಅಂದೆ. ‘ನೀವ್ ಓದ್ದೋರು, ನೀವೇಳ್ದಂಗೇ ಆಗ್ಲಿ’ ಎಂದು ಕೊಡಲಿ ಎತ್ತಿದ.

ಮರ ಬಿತ್ತು. ಬಚ್ಚಲ ಶೀಟು ಪುಡಿಪುಡಿ, ಹಂಡೆ ಚಪ್ಪಟೆ. ಬಿದ್ದ ಮರಕ್ಕೆ ಟೇಪು ಹಿಡಿದೆ: ನಲವತ್ತೇಳು! ಹೆಚ್ಚಿನ ಐದಡಿ ಎಲ್ಲಿಂದ ಬಂತು? ಆಗ ಹೊಳೆಯಿತು. ಕೋನಮಾಪಕ ಹಿಡಿದದ್ದು ನೆಲದಲ್ಲಲ್ಲ, ಕಣ್ಣಿನ ಮಟ್ಟದಲ್ಲಿ. ನೆಲದಿಂದ ನನ್ನ ಕಣ್ಣಿಗೆ ಐದಡಿ, ಅದನ್ನು ಕೂಡಿಸಬೇಕಿತ್ತು. ಮೂವತ್ತು ವರ್ಷ, ಇದನ್ನು ಮರೆತ ಮಕ್ಕಳಿಗೆಲ್ಲ ಸೊನ್ನೆ ಸುತ್ತಿದ ಮಹಾನುಭಾವ ನಾನೇ.

ಹೆಂಡತಿ ಚಪ್ಪಟೆ ಹಂಡೆಯನ್ನು ನನ್ನ ಕುರ್ಚಿಯ ಎದುರಿಗೇ ತಂದಿಟ್ಟಿದ್ದಾಳೆ. ಬೇಲಿ ಬದಿಯಲ್ಲಿ ಇನ್ನೊಂದು ಮುದಿ ತೆಂಗಿದೆ, ಅದನ್ನೂ ಕಡಿಸಬೇಕು. ಮೊನ್ನೆ ಆಕೆ ನಂಜನಗೂಡಿಗೆ ತರಕಾರಿ ತರಲು ಹೋದ ಸಮಯ ನೋಡಿ, ಆಚೀಚೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಪಂಚೆ ಎತ್ತಿ ಕಟ್ಟಿ ಬಗ್ಗಿದೆ. ಕಾಲಸಂದಿಯಿಂದ ಮರದ ತುದಿ ಕಾಣಿಸಿತು. ಬುಡದಲ್ಲಿ, ತರಕಾರಿ ಚೀಲ ಹಿಡಿದು ನಿಂತ ಹೆಂಡತಿಯೂ ಕಾಣಿಸಿದಳು.

‘ಸರಿಯಾಗಿ ಕಾಣ್ತದಾ ಮೇಷ್ಟ್ರೇ?’ ಅಂದಳು.

ಸೊಂಟ ಹಿಡಿದುಬಿಟ್ಟಿತ್ತು. ಬಗ್ಗಿಕೊಂಡೇ ‘ಹೂಂ’ ಅಂದೆ.