ಮುಂಡರಗಿ ಬಸ್‌ಸ್ಟ್ಯಾಂಡಿನ ಕಾದಂಬರೀ ಸಮರ

ಯಾವ ಯುಗದಲ್ಲಿ ರಾಶಿಭವಿಷ್ಯವು ರಾಜ್ಯವಾಳಿತೋ, ಪರೀಕ್ಷಾ ಗೈಡುಗಳು ಸಾಮಂತರಾಗಿ ಮೆರೆದವೋ, ಕಥೆಯೆಂಬ ಕುಲವಧುವು ಕಪಾಟಿನ ಕೆಳಗಿನ ಅರೆಯ ಧೂಳಿನಲ್ಲಿ ಮುಖ ಮುಚ್ಚಿ ಕುಳಿತಳೋ, ಆ ಯುಗದ ಮುಂಡರಗಿ ಪಟ್ಟಣದಲ್ಲಿ, ನಿವೃತ್ತ ಚಿತ್ರಕಲಾಚಾರ್ಯನೂ ಮಡಚಿದ ಕೊಡೆಯನ್ನೇ ಗದೆಯಾಗಿ ಧರಿಸಿದವನೂ ಏಕಕಾದಂಬರೀವ್ರತನೂ ಆದ ತಿರಕಪ್ಪ ಬಳಿಗಾರನೆಂಬ ವೀರನಿದ್ದನು. ವಾಗ್ದೇವಿಯೇ, ಅವನ ಪರಾಕ್ರಮವನ್ನು ಹೇಳಿ ಮುಗಿಸುವಷ್ಟು ಹೊತ್ತು, ಕಡೆಗೆ ಗದಗಿನ ಬಸ್ಸು ಬರುವವರೆಗಾದರೂ, ನನ್ನ ನಾಲಗೆಯ ಮೇಲೆ ಕೂಡು.

ಅವನು ವ್ರತ ಹಿಡಿದ ಆ ಒಂದೇ ಕಾದಂಬರಿಯ ಹೆಸರು ‘ಹಿಟ್ಟಿನ ಕೈ’. ಬರೆದವಳು ಅದೇ ಊರಿನ ಹಿಟ್ಟಿನ ಗಿರಣಿಯ ಒಡತಿ ಅನ್ನಪೂರ್ಣಕ್ಕ ಕಮತರ. ಜೋಳ ಬೀಸುತ್ತ, ಸರದಿಯಲ್ಲಿ ಕುಳಿತ ಹೆಂಗಸರ ಮಾತನ್ನೆಲ್ಲ ಕಿವಿಯಲ್ಲಿ ತುಂಬಿಕೊಂಡು ಬರೆದಿದ್ದಳು. ಅದರಲ್ಲೊಬ್ಬ ಮುದುಕಿ, ಗಂಡ ಸತ್ತ ಮೇಲೂ ಊಟಕ್ಕೆ ಎರಡು ತಾಟು ಹಾಕಿ, ಒಂದನ್ನು ಯಾರಿಗೂ ಕಾಣದಂತೆ ಎತ್ತಿಡುತ್ತಾಳೆ. ಹೆಂಡತಿಯನ್ನು ಕಳೆದುಕೊಂಡ ವರ್ಷ ಅದನ್ನೋದಿದ ತಿರಕಪ್ಪ ಮಾಸ್ತರನು ಪುಸ್ತಕ ಮುಚ್ಚಿ, ಹಿತ್ತಲಿಗೆ ಹೋಗಿ ಅತ್ತಿದ್ದನು. ಆದರೆ ಪಂಡಿತಸಭೆಗಳಲ್ಲಿ ಆಕೆಯ ಹೆಸರೆತ್ತಿದವರಿಲ್ಲ. ಊರಿಗೆ ಆಕೆ ಹಿಟ್ಟನ್ನು ಸಣ್ಣಗೆ ಬೀಸಿಕೊಡುವ ಅಕ್ಕ, ಅಷ್ಟೆ. ಉಳಿದ ಪ್ರತಿಗಳನ್ನು ಪ್ರಕಾಶಕನು ರದ್ದಿಗೆ ಹಾಕಲಿದ್ದಾನೆಂಬ ವಾರ್ತೆ ಕಿವಿಗೆ ಬಿದ್ದದ್ದೇ ತಡ, ಮಾಸ್ತರನು ಕೊಡೆಯನ್ನೆತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ದಂಡೆತ್ತಿ ನಡೆದನು.

ಅಲ್ಲಿ ವಾರಪತ್ರಿಕಾವ್ಯೂಹದ ನಡುವೆ, ಪುಸ್ತಕದಂಗಡಿಯ ಒಡೆಯ ಇಮಾಮಸಾಬ ನದಾಫನು ಅಚಲನಾಗಿ ಕುಳಿತಿದ್ದನು.

“ಸಾಬರ, ‘ಹಿಟ್ಟಿನ ಕೈ’ ಮುಂದಿನ ಸಾಲಿನಾಗ ಇಡ್ರಿ. ನಮ್ಮೂರಾಕಿ ಬರದದ್ದು. ಇಂಥಾದ್ದು ನೂರು ವರ್ಷಕ್ಕ ಒಂದು ಹುಟ್ಟತೈತಿ!”

“ಹುಟ್ಟಲಿ ಬಿಡ್ರಿ ಮಾಸ್ತರ್ರ, ಯಾರ್ ಬ್ಯಾಡಂದ್ರು? ಆದ್ರ ಮುಂದ ಪೊಲೀಸ್ ಪರೀಕ್ಷಾ ಗೈಡ್ ಐತಿ. ಅದನ್ನ ಹಿಂದ ಸರಿಸಿದ್ರ ನಮ್ಮನ್ಯಾಗ ಒಲಿ ಹತ್ತಂಗಿಲ್ಲ.”

ಆಗ ದಿಕ್ಕುಗಳು ನಡುಗಿದವು. ಚಹಾದಂಗಡಿಯ ಸ್ಟೋವು ಭೋರ್ಗರೆಯಿತು. ಮಾಸ್ತರನು ಗೈಡನ್ನು ಹಿಂದಕ್ಕೆ ನೂಕಿ ಕಾದಂಬರಿಯನ್ನು ಮುಂದಿಟ್ಟನು. ಸಾಬನು ಕಾದಂಬರಿಯನ್ನು ಕೆಳಗಿಳಿಸಿ ಗೈಡಿಗೆ ಮರುಪಟ್ಟಾಭಿಷೇಕ ಮಾಡಿದನು. ಎಳೆದಾಟದ ಭರದಲ್ಲಿ ಕೊಡೆಯು ತಾನೇ ಬಿಚ್ಚಿಕೊಂಡು ರಾಶಿಭವಿಷ್ಯದ ಸೇನೆಯೆಲ್ಲ ಧರೆಗುರುಳಿತು. ಮಾಸ್ತರನು ನಾಚಿ, ಕುಕ್ಕರುಗಾಲಲ್ಲಿ ಕುಳಿತು ಒಂದೊಂದನ್ನೇ ಆಯುತ್ತ ಮೆಲ್ಲಗೆ ಹೇಳಿದನು:

“ಆ ಮುದುಕಿ ಎರಡು ತಾಟು ಹಾಕ್ತಾಳ್ರಿ ಸಾಬರ. ನಾನೂ ಹಂಗ ಹಾಕತಿದ್ದೆ. ಆಕಿಗೆ ಹೆಂಗ ಗೊತ್ತಾತು ಅಂತೀನಿ.”

ಇಮಾಮಸಾಬನೂ ಕೆಳಗಿಳಿದು ಎರಡು ಪತ್ರಿಕೆ ಆಯ್ದುಕೊಟ್ಟನು. ಆಮೇಲೆ ಗೈಡನ್ನು ತಾನೇ ತೆಗೆದನು. “ಇವತ್ತೊಂದು ದಿನ ಇಡತೇನಿ. ಯಾರರ ತಗೋತಾರೇನು ನೋಡೂಣು.”

ಅಷ್ಟರಲ್ಲಿ, ಎರಡೂ ಕೈಯಲ್ಲಿ ಚೀಲ ಹಿಡಿದ, ಗಜಗಮನದ ಪ್ರಯಾಣಿಕನೊಬ್ಬನು ಏದುಸಿರು ಬಿಡುತ್ತ ಬಂದನು. “ದಪ್ಪನ್ನ ಪುಸ್ತಕ ಯಾವುದೈತ್ರಿ?”

ಮಾಸ್ತರನು ‘ಹಿಟ್ಟಿನ ಕೈ’ಯನ್ನೆತ್ತಿ ಅವನ ಮುಂದೆ ಹಿಡಿದನು. “ಇದನ್ನ ತಗೋರಿ. ಓದ್ರಿ, ಕಣ್ಣಾಗ ನೀರು ಬರ್ತಾವ.”

“ಬರಲಿ, ಬರಲಿ,” ಎಂದು ಆತನು ರೊಕ್ಕ ಕೊಟ್ಟು ಹೊರಟನು.

ವಿಜಯದುಂದುಭಿ ಮೊಳಗಿತು! ಮಾಸ್ತರನು ಶತ್ರುವನ್ನು ಆಲಿಂಗಿಸಿ ಇಬ್ಬರಿಗೂ ಚಹಾ ಹೇಳಿದನು. ಒಬ್ಬನು ಓದಿದರೆ ಇನ್ನೊಬ್ಬನಿಗೆ ಹೇಳುವನು, ಅವನು ಮತ್ತೊಬ್ಬನಿಗೆ. ಹೀಗೆ ಕೀರ್ತಿಯು ಗದಗನ್ನು ದಾಟಿ ದಿಗಂತವನ್ನು ಮುಟ್ಟುವುದೆಂದು ಅವನು ಕಪ್ಪಿನೊಳಗೇ ಕನಸು ಕಾಣುತ್ತಿರಲು, ಬಸ್ಸು ಬಂದಿತು. ಆ ಓದುಗೋತ್ತಮನು ಬಸ್ಸಿನ ಪಕ್ಕದಲ್ಲೇ ಓಡಿ, ಕಿಟಕಿಯೊಳಗಿಂದ ‘ಹಿಟ್ಟಿನ ಕೈ’ಯನ್ನು ಸೀಟಿನ ಮೇಲೆ ಒಗೆದನು.

ಗಿರಣಿಗೆ ಹೊಸ ಬೆಲ್ಟು ತರಲೆಂದು ಅದೇ ಬಸ್ಸಿಗೆ ಬಂದ ಅನ್ನಪೂರ್ಣಕ್ಕ, ನೂಕುನುಗ್ಗಲಿನಲ್ಲಿ ಮೊದಲು ಹತ್ತಿ, ಅದೇ ಸೀಟಿನತ್ತ ಬಂದಳು. ಹಿಂದಿನಿಂದ ಆತನು ಕೂಗಿದನು:

“ಅಕ್ಕಾರ, ಅಲ್ಲಿ ಕೂಡಬ್ಯಾಡ್ರಿ! ಪುಸ್ತಕ ಒಗದೀನಿ, ಕಾಣವಲ್ದೇನ್ರಿ? ರುಮಾಲ ಹಾಕಿದ್ರ ಮಂದಿ ತಗದ ಒಗೀತಾರ. ಅದಕ್ಕಂತನ ದಪ್ಪನ್ನದು ಕೊಂಡೀನಿ.”

“ಅದನ್ನ ಬರದಾಕಿನ ಅಕೀ!” ಎಂದು ಹೊರಗಿನಿಂದ ಮಾಸ್ತರನು ಸಿಂಹನಾದ ಮಾಡಿದನು. ಹಾರ್ನಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಅನ್ನಪೂರ್ಣಕ್ಕ ಪುಸ್ತಕವನ್ನೆತ್ತಿ ರಕ್ಷಾಪುಟ ನೋಡಿದಳು. ಸೆರಗಿನಿಂದ ಧೂಳೊರೆಸಿದಳು.

“ಇದು ನಿಮ್ದೇನ್ರಿ?”

“ಹೌದ್ರಿ, ನಂದ.”

ಅವನ ಕೈಗೆ ಕೊಟ್ಟಳು. ಅವನು ಕುಳಿತನು. ಅವಳು ಮೇಲಿನ ಸರಳು ಹಿಡಿದು ಗದಗಿನವರೆಗೆ ನಿಂತೇ ಹೋದಳು.