ಅತ್ತೆ ಒಪ್ಪಬೇಕಾದ ಕಕ್ಕಸು

ಅತ್ತೆಯ ಮೂಗಿಗೆ ಎಳ್ಳಷ್ಟೂ ವಾಸನೆ ತಾಗದಂಥ ಕಕ್ಕಸು ಮಾಡಿಕೊಡದಿದ್ದರೆ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಸೀಟಿರಾಯ ಶಪಥ ಮಾಡಿದ. ಕುಕ್ಕರ್ ರಿಪೇರಿಯಲ್ಲೇ ತಲೆ ನರೆತವನಿಗೆ ಊರು ಇಟ್ಟ ಹೆಸರು ಅದು. ಅಂಗಡಿ ಮುಚ್ಚಿದ ಮೇಲೆ ಹಳೆಯ ದೋಣಿಯೊಂದನ್ನು ಕೊಂಡು, ಹೆಂಡತಿಯೊಡನೆ ಅದರಲ್ಲೇ ಸಂಸಾರ ಹೂಡಿದ್ದ. ಮಂಡಿನೋವಿನ ಅತ್ತೆಯನ್ನೂ ಕರೆತಂದಿದ್ದ. ಅತ್ತೆಯೋ ವಾರ ತುಂಬುವ ಮೊದಲೇ ಗಂಟು ಕಟ್ಟಿ ಕೂತರು.

"ದೋಣಿ ಚೆನ್ನಾಗೇ ಇದೆ. ಆ ಕಕ್ಕಸಿನ ವಾಸನೆ ನನಗೆ ಆಗಿಬರಲ್ಲ."

"ರೀ, ಅಮ್ಮ ಮತ್ತೆ ಆ ಮೂರನೇ ಮಹಡಿ ಕೋಣೇಲಿ ಒಬ್ಬಳೇ ಇರೋದು ನೆನೆಸಿಕೊಂಡ್ರೆ ನನಗೆ ತುತ್ತು ಇಳಿಯಲ್ಲ," ಎಂದಳು ಹೆಂಡತಿ.

ಸೀಟಿರಾಯ ಮರದ ಹೊಟ್ಟು ಸುರಿಯುವ ಒಣ ಕಕ್ಕಸನ್ನು ಕಿತ್ತೆಸೆದ. ಹೊಸದಕ್ಕೆ ಕೈಪಂಪು. ಒತ್ತಿದರೆ ಎಲ್ಲವೂ ಹಲಗೆಯಡಿಯ ತೊಟ್ಟಿಗೆ ಜಾರಬೇಕು. ತೊಟ್ಟಿ ತುಂಬಿದರೆ ದಡದ ಟ್ಯಾಂಕರಿನವರು ಮೇಲಿನ ಮುಚ್ಚಳ ತೆಗೆದು ಹೀರಿಕೊಂಡು ಹೋಗಬೇಕು. ಪಂಪು ಒತ್ತಿದಾಗಲೆಲ್ಲ ಮುದಿ ಕೋಣದಂತೆ ಒರಲುತ್ತಿತ್ತು. ಅದನ್ನು ಅವನು ಲೆಕ್ಕಕ್ಕೇ ಹಿಡಿಯಲಿಲ್ಲ.

ಅತ್ತೆ ಗಂಟು ಬಿಚ್ಚಲಿಲ್ಲ.

ಮೂಗನ್ನು ಮುಂದೆ ಬಿಟ್ಟುಕೊಂಡು ದೋಣಿಯೆಲ್ಲ ತೆವಳಿದ ಸೀಟಿರಾಯನಿಗೆ ಕಳ್ಳ ಸಿಕ್ಕೇಬಿಟ್ಟ: ಅತ್ತೆಯ ಕಿಟಕಿಯ ಕೆಳಗೇ ಬಾಯಿ ತೆರೆದಿದ್ದ, ತೊಟ್ಟಿಯ ಸಣ್ಣ ಕೊಳವೆ. ಬಿರಡೆ ತುರುಕಿ ಸುತ್ತಿಗೆಯಿಂದ ಬಡಿದ.

"ಅದು ಗಾಳಿ ಹೋಗೋಕೆ ಇಟ್ಟಿದ್ದಲ್ವೇನ್ರೀ?"

"ಗಾಳಿ ಹೋಗಬಾರದು ಅಂತಲೇ ಬಡಿದಿದ್ದು. ನೀನು ಒಳಗೆ ಹೋಗು."

'ಸೀಟಿ ಕಟ್ಟಿಕೊಂಡರೆ ಕುಕ್ಕರ್ ಸಿಡಿಯುತ್ತೆ ತಾಯಿ' ಎಂದು ಊರ ಹೆಂಗಸರಿಗೆಲ್ಲ ಜನ್ಮವಿಡೀ ಬುದ್ಧಿ ಹೇಳಿದ ಬಾಯಿ ಅದು!

ವಾಸನೆ ನಿಂತಿತು. ಮೀಸೆ ಮೇಲೇರಿತು. ಆದರೆ ಪಂಪು ದಿನೇ ದಿನೇ ಬಿಗಿಯಾಯಿತು; ಅವನು ಮೈಭಾರವನ್ನೆಲ್ಲ ಹಾಕಿ ಒತ್ತಿದ. ಒಂದು ಬೆಳಿಗ್ಗೆ, ತೊಟ್ಟಿ ತುಂಬಿತೋ ಏನೋ ನೋಡೋಣವೆಂದು ಮೇಲಿನ ಮುಚ್ಚಳದ ಮೇಲೆ ಬಗ್ಗಿ ತಿರುಗಿಸಿದ.

ತೊಟ್ಟಿ ಒಂದು ಸೀಟಿ ಹೊಡೆಯಿತು. ಆಮೇಲೆ ಉಳಿದದ್ದೆಲ್ಲ ಕಾರಂಜಿಯಾಗಿ ಎದ್ದು, ಸೀಟಿರಾಯನಿಗೆ ನೆತ್ತಿಯಿಂದ ಅಂಗಾಲಿನವರೆಗೆ ಅಭಿಷೇಕವಾಯಿತು.

ಸೌಟು ಹಿಡಿದೇ ಓಡಿಬಂದ ಹೆಂಡತಿ ದೂರದಲ್ಲೇ ನಿಂತಳು. "ಎಷ್ಟು ಸೀಟಿಗೆ ಇಳಿಸಬೇಕಿತ್ತು ರೀ?"

ಅವನು ಅವಳತ್ತ ನೋಡಲಿಲ್ಲ. "ಅತ್ತೆ, ಗಾಡಿ ತರಿಸ್ತೀನಿ. ಇನ್ನು ನಿಮ್ಮನ್ನ ಇರಿ ಅನ್ನೋಕೆ ನನಗೆ ಮುಖ ಇಲ್ಲ."

ಅತ್ತೆ ಕುಂಟುತ್ತ ಬಂದರು, ಬಕೆಟ್ಟು, ಸೋಪು ಸಮೇತ. ಅವನನ್ನು ಕೂರಿಸಿ ತಲೆಯ ಮೇಲೆ ನೀರು ಸುರಿದು, ಕೂಸಿಗೆ ಉಜ್ಜಿದಂತೆ ಕಿವಿಯ ಹಿಂದೆಲ್ಲ ಉಜ್ಜತೊಡಗಿದರು.

"ವಾಸನೆ ಅಂದಿದ್ದು ಸುಳ್ಳು, ಅಳಿಯಂದಿರೇ. ಗೇಣಗಲದ ದೋಣಿ. ಬಾಗಿಲಾಚೆಗೇ ನೀವು ಕೂತಿರ್ತೀರಿ. ಮೊದಲೇ ನನಗೆ ನಾಚಿಕೆ, ಅದರ ಮೇಲೆ ನೀವು ಊರಿಗೆಲ್ಲ ಸಾರೋ ಪಂಪು ಬೇರೆ ತಂದಿಟ್ರಿ. ನೀವು ಪೇಟೆಗೆ ಹೋಗೋ ತನಕ ಹೊಟ್ಟೆ ಹಿಡ್ಕೊಂಡು ಕೂರ್ತಿದ್ದೆ."

ಸೀಟಿರಾಯ ನೊರೆಯ ನಡುವಿಂದ ಕತ್ತೆತ್ತಿದ. "ಬಾಯಿಬಿಟ್ಟು ಹೇಳಬಾರದಿತ್ತಾ ಅತ್ತೆ? ಹಾಗಾದ್ರೆ... ಹೊರಟೇಬಿಡ್ತೀರಾ?"

ಅತ್ತೆ ಇನ್ನೊಂದು ಚೊಂಬು ಸುರಿದರು.

"ಇನ್ನೆಲ್ಲಿಗೆ ಹೋಗ್ಲಿ? ನಂದೆಲ್ಲ ನಿಮ್ಮ ತಲೆ ಮೇಲೇ ಬಿದ್ದಾಯ್ತಲ್ಲ, ಇನ್ನು ನಾಚಿಕೊಳ್ಳೋಕೆ ಏನುಳಿದಿದೆ? ಕಣ್ಣು ಮುಚ್ಕೊಳ್ಳಿ, ಸೋಪು ಒಳಗೆ ಹೋಗುತ್ತೆ."